ಮೂರನೇ ಲಾಟಿನಲ್ಲಿ ಒಂದು ಕಡಿಮೆ

ಎಣಿಸುವ ಚಟ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ತಂಬಾಕು ಬಿಟ್ಟವರನ್ನು ನೋಡಿದ್ದೇನೆ, ಇಸ್ಪೀಟು ಬಿಟ್ಟವರನ್ನೂ ನೋಡಿದ್ದೇನೆ, ಎಣಿಕೆ ಬಿಟ್ಟವರನ್ನು ಇದುವರೆಗೆ ಕಂಡಿಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಹದಿನೆಂಟು ವರ್ಷದಿಂದ ಚೆಕ್ಕರ್. ಅಚ್ಚಿನಿಂದ ಬಿದ್ದು, ಉಜ್ಜಿಸಿಕೊಂಡು, ತಣ್ಣಗಾಗಿ ಬಂದ ಕಬ್ಬಿಣದ ಕಾಸ್ಟಿಂಗುಗಳನ್ನು ತಟ್ಟಿ ನೋಡುವುದು, ಬಿರುಕು ಬಿಟ್ಟದ್ದರ ಮೇಲೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಅಡ್ಡಡ್ಡ ಎರಡು ಗೆರೆ ಎಳೆದು ಬದಿಗಿಡುವುದು, ಉಳಿದದ್ದನ್ನು ಎಣಿಸಿ ಲಾಟು ಕಟ್ಟಿ ಕಳಿಸುವುದು, ಇಷ್ಟು ನನ್ನ ಕೆಲಸ. ಇದರಿಂದ ಆಗಿರುವ ಹಾನಿ ಏನೆಂದರೆ, ಮದುವೆ ಊಟಕ್ಕೆ ಹೋದರೆ ಪಂಕ್ತಿಯಲ್ಲಿ ಕೂತವರನ್ನು ಎಣಿಸುತ್ತೇನೆ, ಬಸ್ಸು ಹತ್ತಿದರೆ ತಲೆ ಎಣಿಸುತ್ತೇನೆ. ಚರ್ಚಿನಲ್ಲಿ ಜಪಮಾಲೆ ಹೇಳುವಾಗ ಮುಂದಿನ ಸಾಲಿನ ಅಜ್ಜಿ ಒಂದು ಮಣಿ ಹಾರಿಸಿದರೆ ನನ್ನ ಬಾಯಿ ಪ್ರಾರ್ಥನೆ ಮಾಡುತ್ತಿದ್ದರೂ ಕಣ್ಣು ಆಕೆಯನ್ನು ಹಿಡಿದುಬಿಡುತ್ತದೆ. ದೇವರು ಇದನ್ನು ಪಾಪವೆಂದು ಬರೆದುಕೊಳ್ಳುತ್ತಾನೋ ಕೆಲಸದ ಅಭ್ಯಾಸವೆಂದು ಬಿಡುತ್ತಾನೋ ಗೊತ್ತಿಲ್ಲ.

ಇನ್ನೊಂದು ಚಟವೂ ಇದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ಬಿ.ಎ. ಬರೀ ಬಿ.ಎ. ಅಲ್ಲ, ನಮ್ಮ ವಂಶದಲ್ಲಿ ಮೊದಲನೆಯ ಬಿ.ಎ. ಖಾನಾಪುರದ ಹಂಚಿನ ಭಟ್ಟಿಯಲ್ಲಿ ನನ್ನ ಅಜ್ಜ ಮಣ್ಣು ತುಳಿದ, ನನ್ನ ಅಪ್ಪ ಹಂಚು ಸುಟ್ಟ, ನಾನು ಪದವಿ ಪಡೆದೆ. ಈ ವಾಕ್ಯವನ್ನು ನಾನು ಎಷ್ಟು ಸಲ ಹೇಳಿದ್ದೇನೋ, ಅದೊಂದನ್ನು ಮಾತ್ರ ಎಣಿಸಿಲ್ಲ. ಫೌಂಡ್ರಿಯಲ್ಲಿ ದುಡಿಯುತ್ತ ದೂರಶಿಕ್ಷಣದಲ್ಲಿ ಎಂಟು ವರ್ಷ ಓದಿ, ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದು, ನಾಲ್ಕನೇ ಸಲ ಯಾರ ಹಂಗೂ ಇಲ್ಲದೆ ಸ್ವಂತ ಬಲದಿಂದ ಪಾಸಾದೆ. ಆ ವರ್ಷ ನನ್ನ ಹೆಂಡತಿ ಫಿಲೋಮಿನಾ ಬೆಳಗ್ಗೆ ರೊಟ್ಟಿ ಬಡಿಯುತ್ತ ನನ್ನಿಂದ ಇಂಗ್ಲಿಷ್ ಪ್ರಶ್ನೋತ್ತರ ಒಪ್ಪಿಸಿಕೊಳ್ಳುತ್ತಿದ್ದಳು, ತಪ್ಪಿದರೆ ರೊಟ್ಟಿ ತಟ್ಟೆಗೆ ಬರುತ್ತಿರಲಿಲ್ಲ, ಅದು ಬೇರೆ ಮಾತು. ಪದವಿ ಪತ್ರಕ್ಕೆ ಕಟ್ಟು ಹಾಕಿಸಿ, ಯೇಸುವಿನ ಪವಿತ್ರ ಹೃದಯದ ಪಟಕ್ಕೂ ಅಪ್ಪನ ಫೋಟೋಕ್ಕೂ ನಡುವೆ ನೇತುಹಾಕಿದ್ದೇನೆ. ಮನೆಗೆ ಬಂದವರು ಅದನ್ನು ನೋಡದೆ ಹೋಗಬಾರದೆಂದು ಕುರ್ಚಿಯನ್ನು ಅದರ ಎದುರಿಗೇ ಇಟ್ಟಿದ್ದೇನೆ. ಬಾಗಿಲ ಮೇಲಿನ ಹೆಸರಿನ ಫಲಕದಲ್ಲಿ 'ಇನಾಸ್' ಎನ್ನುವುದಕ್ಕಿಂತ 'ಬಿ.ಎ.' ಎನ್ನುವುದು ಒಂದು ಬೆರಳು ದೊಡ್ಡದಾಗಿ ಬಂದಿದೆ. ಬರೆದವನ ತಪ್ಪು ಎಂದು ಎಲ್ಲರಿಗೂ ಹೇಳುತ್ತೇನೆ. ಬರೆಸಿದವನು ನಾನೇ.

ಈಗ ಸಂಗತಿಗೆ ಬರುತ್ತೇನೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳನ್ನು ನಾವು ಆಗಮನ ಕಾಲ ಎನ್ನುತ್ತೇವೆ. ಬರುವವನಿಗಾಗಿ ಕಾಯುವ ಕಾಲ. ಪೀಠದ ಬದಿಯಲ್ಲಿ ಹಸಿರೆಲೆಯ ಬಳೆಯೊಂದರಲ್ಲಿ ನಾಲ್ಕು ಮೇಣದ ಬತ್ತಿ ನಿಲ್ಲಿಸಿ ವಾರಕ್ಕೊಂದು ಹೆಚ್ಚಿಗೆ ಹಚ್ಚುತ್ತಾರೆ. ದಿನಕ್ಕೊಂದು ಶುಭಸಂದೇಶದ ಭಾಗ ಗೊತ್ತುಮಾಡಿರುತ್ತದೆ. ಮೊದಮೊದಲು ವಾರದ ಲೆಕ್ಕದಲ್ಲಿ ಸಾಗಿ, ಡಿಸೆಂಬರ್ ಹದಿನೇಳರಿಂದ ತಾರೀಖಿನ ಲೆಕ್ಕಕ್ಕೆ ಬೀಳುತ್ತದೆ, ಮದುವೆ ಮನೆಯಲ್ಲಿ ಕೊನೆಯ ಎಂಟು ದಿನ ಬೆರಳು ಮಡಿಚಿ ಎಣಿಸುತ್ತಾರಲ್ಲ, ಹಾಗೆ. ನಮ್ಮ ಚರ್ಚಿಗೆ ಹೊಸದಾಗಿ ಬಂದ ಫಾದರ್ ಮಂಗಳೂರು ಕಡೆಯವರು, ಹುರುಪಿನವರು. "ಈ ಆಗಮನ ಕಾಲದಲ್ಲಿ ದಿನವೂ ನಾನೇ ಮಾತಾಡುವುದು ಬೇಡ. ಬೆಳಗಿನ ಪೂಜೆಯಲ್ಲಿ ಪರಮಪ್ರಸಾದ ಹಂಚಿದ ಮೇಲೆ, ದಿನಕ್ಕೊಂದು ಮನೆಯವರು ಆ ದಿನದ ವಾಚನದ ಮೇಲೆ ಐದು ನಿಮಿಷದ ಚಿಂತನೆ ಬರೆದು ಓದಲಿ. ಯಾರಿಗೆ ಯಾವ ದಿನ ಎಂದು ಚೀಟಿ ಎತ್ತೋಣ," ಎಂದರು.

ಇದನ್ನು ಕೇಳಿ ನನಗೆ ಹಿಡಿದ ಸಂಭ್ರಮವನ್ನು ಹೇಗೆ ಹೇಳಲಿ! ನಮ್ಮ ಚರ್ಚಿನಲ್ಲಿ ಇಷ್ಟು ವರ್ಷ ನಾನು ಕುರ್ಚಿ ಹೊತ್ತಿದ್ದೇನೆ, ಪೆಂಡಾಲಿನ ಹಗ್ಗ ಎಳೆದಿದ್ದೇನೆ, ಗೋದಲಿಗೆ ಹುಲ್ಲು ತಂದಿದ್ದೇನೆ. ಮೈಕಿನ ಮುಂದೆ ನಿಂತಿರಲಿಲ್ಲ. ಈಗ ಮೈಕೇ ನನ್ನ ಕಡೆಗೆ ನಡೆದು ಬರುತ್ತಿತ್ತು. ಅದೂ ಬರೆದು ಓದಬೇಕಂತೆ! ಬರೆಯುವವರಿಗೇ ತಾನೇ ಪದವಿ ಕೊಡುವುದು! ದೇವದೂತ ಮರಿಯಮ್ಮನ ಮನೆಗೆ ಬರುವ ದಿನ ನನಗೆ ಬಂದರೆ ಇಂಥಿಂಥ ಉಪಮೆ, ಜೋಸೆಫನಿಗೆ ಕನಸು ಬೀಳುವ ದಿನ ಬಂದರೆ ಇಂಥಿಂಥ ಮಾತು, ಮುದುಕ ಜಕರೀಯನ ಬಾಯಿ ಕಟ್ಟಿಹೋಗುವ ದಿನ ಬಂದರೆ ಇಡೀ ಚರ್ಚನ್ನು ನಗಿಸಬೇಕು, ಹೀಗೆ ಎಲ್ಲಕ್ಕೂ ತಯಾರಾಗಿದ್ದೆ. ಚೀಟಿ ಎತ್ತುವ ಭಾನುವಾರ ಫೌಂಡ್ರಿಯಲ್ಲಿ ಓವರ್‌ಟೈಮು ಬಿತ್ತು. ಫಿಲು ಹೋಗಿ ಕಾಣಿಕೆ ಬುಟ್ಟಿಯಲ್ಲಿ ಕೈ ಹಾಕಿ ನಮ್ಮ ಮನೆಯ ಚೀಟಿ ತಂದಳು. ನಾನು ಚಪ್ಪಲಿ ಕಳಚುವ ಮೊದಲೇ ಕೇಳಿದೆ.

"ಏನ್ ಬಂತು?"

"ನೀವ ನೋಡ್ರಿ. ನನ್ನ ಕೈಗುಣಾ ಬಯ್ಯಬ್ಯಾಡ್ರಿ ಮತ್ತ."

ಬಿಚ್ಚಿದೆ. ಡಿಸೆಂಬರ್ ಹದಿನೇಳು. ಮತ್ತಾಯನ ಶುಭಸಂದೇಶ, ಮೊದಲನೇ ಅಧ್ಯಾಯ, ಮೊದಲ ಹದಿನೇಳು ವಚನ. ಆರಂಭದ ಪುಟ! ತಾರೀಖಿನ ಲೆಕ್ಕ ಶುರುವಾಗುವ ದಿನ! "ನಿನ್ನ ಕೈ ಅಲ್ಲ ಫಿಲು, ಬಂಗಾರ!" ಎಂದು ಬೈಬಲ್ಲು ತೆಗೆದೆ. ತೆಗೆದು ಓದಿದವನು ಹಾಗೇ ಕೂತೆ. ಅಬ್ರಹಾಮನ ಮಗ ಇಸಾಕ, ಇಸಾಕನ ಮಗ ಯಕೋಬ, ಯಕೋಬನ ಮಗ ಯೂದ... ಮುಂದೆ ಅಮ್ಮಿನಾದಾಬ, ನಹಶೋನ, ಸಲ್ಮೋನ. ಆ ಪುಟ ಮುಗಿಯುವವರೆಗೆ ಬರೀ ಹೆಸರು. ದೇವದೂತನಿಲ್ಲ, ಕನಸಿಲ್ಲ, ಕುರಿ ಕಾಯುವವನಿಲ್ಲ, ಕತ್ತೆ ಕೂಡ ಇಲ್ಲ. ಯೇಸುವಿನ ವಂಶಾವಳಿ. ನಿಜ ಹೇಳುತ್ತೇನೆ, ಪ್ರತಿವರ್ಷ ಆ ದಿನ ಪೂಜೆಯಲ್ಲಿ ಈ ಭಾಗ ಓದುವಾಗ ನಾನು ನಿಂತಲ್ಲೇ ಒಂದು ಸಣ್ಣ ನಿದ್ದೆ ತೆಗೆದಿದ್ದೇನೆ. ನಿದ್ದೆ ತೆಗೆದ ಋಣವನ್ನು ದೇವರು ಹೀಗೆ ತೀರಿಸಿಕೊಳ್ಳುತ್ತಾನೆಂದು ಗೊತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಫಾದರ್ ಬಳಿ ಹೋಗಿ ಚೀಟಿ ಬದಲಿಸಿ ಕೊಡಿ ಎನ್ನುತ್ತಿದ್ದರು. ನಾನು ಚೆಕ್ಕರ್. ಹೆಸರಿನ ಸಾಲು ಕಂಡ ಕೂಡಲೇ ಕೈ ಬೆರಳು ತಾನಾಗಿ ಎಣಿಸತೊಡಗಿತು. ಸಂತ ಮತ್ತಾಯರು ಕೊನೆಗೆ ತಾವೇ ಷರಾ ಬರೆದಿದ್ದಾರೆ: ಅಬ್ರಹಾಮನಿಂದ ದಾವೀದನವರೆಗೆ ಹದಿನಾಲ್ಕು ತಲೆಮಾರು, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ ಹದಿನಾಲ್ಕು, ಅಲ್ಲಿಂದ ಕ್ರಿಸ್ತನವರೆಗೆ ಹದಿನಾಲ್ಕು. ಅಂದರೆ ಮೂರು ಲಾಟು, ಲಾಟಿಗೆ ಹದಿನಾಲ್ಕು ಪೀಸು. ನಮ್ಮ ಚಲನ್ನಿನಂತೆಯೇ! ಮೊದಲ ಲಾಟು ಎಣಿಸಿದೆ, ಹದಿನಾಲ್ಕು. ಎರಡನೆಯದು, ಹದಿನಾಲ್ಕು. ಮೂರನೆಯದು ಎಣಿಸಿದೆ, ಹದಿಮೂರು. ತಿರುಗಿ ಎಣಿಸಿದೆ. ಹದಿಮೂರು. ಹಿಂದಿನಿಂದ ಮುಂದಕ್ಕೆ ಎಣಿಸಿದೆ. ಹದಿಮೂರೇ!

ಫಿಲು ಒಲೆಯ ಬದಿಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದಳು. ನಾನು ಬಾಯಿಬಿಟ್ಟು ಎಣಿಸುವುದನ್ನು ಕೇಳುತ್ತಿದ್ದವಳು, "ರೀ, ಕಡೀ ಸಾಲಿನ್ಯಾಗ ನೋಡ್ರಿ, ಅಲ್ಲಿ..." ಎಂದಳು.

"ಎಣಿಸುವಾಗ ಮಾತಾಡಬ್ಯಾಡ ಫಿಲು, ಲೆಕ್ಕ ತಪ್ಪತೈತಿ."

"ಆತ್ರಿ," ಎಂದು ಹಿಟ್ಟಿಗೆ ಇನ್ನೊಂದು ಗುದ್ದು ಕೊಟ್ಟಳು.

ಎರಡು ಸಾವಿರ ವರ್ಷದಿಂದ ಜಗತ್ತಿನ ತುಂಬ ಓದುತ್ತ ಬಂದ ಪುಟದಲ್ಲಿ ಒಂದು ಪೀಸು ಕಡಿಮೆ, ಅದನ್ನು ಹಿಡಿದವನು ಉದ್ಯಮಬಾಗದ ಚೆಕ್ಕರ್ ಇನಾಸ್, ಬಿ.ಎ.! ಆದರೆ ನಮ್ಮ ಫೌಂಡ್ರಿಯಲ್ಲಿ ಒಂದು ನಿಯಮವಿದೆ. ಶಾರ್ಟೇಜ್ ಕಂಡುಬಂದರೆ ಒಬ್ಬನ ಮಾತು ನಡೆಯುವುದಿಲ್ಲ, ಎರಡನೆಯವನು ಎಣಿಸಿ ಸಹಿ ಹಾಕಬೇಕು. ನನ್ನ ಎರಡನೆಯವನು ಬಸವರಾಜ. ಬೀಡಿ ಎಂಬ ಊರಿನವನು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಿ ಸ್ವಲ್ಪ ಚುರುಕು. ಮರುದಿನ ಚಹಾದ ಹೊತ್ತಿಗೆ ಬೈಬಲ್ಲನ್ನು ಕ್ಯಾಂಟೀನಿನ ಟೇಬಲ್ಲಿನ ಮೇಲೆ ಅವನ ಮುಂದಿಟ್ಟೆ. ಆತ ಕೈ ತೊಳೆದು ಬಂದು ಕೂತ.

"ಈ ಮಂದಿ ನನಗ ಪರಿಚಯ ಇಲ್ರಿ, ಆದ್ರ ಎಣಿಸೂದೇನು, ಎಣಸ್ತೀನಿ ಬಿಡ್ರಿ," ಎಂದು ಒಂದೊಂದು ಹೆಸರಿಗೆ ಟೇಬಲ್ಲಿನ ಮೇಲೆ ಖಡುವಿನಿಂದ ಒಂದೊಂದು ಗೆರೆ ಎಳೆದ. "ಮೊದಲ್ನೇ ಲಾಟ್ ಬರೋಬ್ಬರಿ. ಎರಡನೇದೂ ಬರೋಬ್ಬರಿ. ಮೂರನೇದ್ರಾಗ... ಹದಿಮೂರ ಬರ್ತಾವಲ್ರೀ ಸಾಹೇಬ್ರ!"

"ಮತ್ತೊಮ್ಮೆ ಎಣಸು."

"ಎಣಿಸಿದಂಗ ಮರಿ ಹಾಕ್ತಾವೇನ್ರಿ ಅವು? ಹದಿಮೂರ." ಚಹಾ ಗುಟುಕರಿಸಿ ಕೇಳಿದ, "ಈ ಲಾಟ್ ಪಾಸ್ ಮಾಡಿದಾವ್ರು ಯಾರು?"

"ಸಂತ ಮತ್ತಾಯ."

"ಮೊದಲ ಏನ್ ಕೆಲಸ ಮಾಡ್ತಿದ್ರು ಅವ್ರು?"

"ಸುಂಕದ ಕಟ್ಟಿ ಮ್ಯಾಲ ಕುಂದರ್ತಿದ್ರು."

ಬಸವರಾಜ ಬಟ್ಟಲು ಕೆಳಗಿಟ್ಟ. "ಸುಂಕದಾಂವ ಮಂದೀ ಸುಖದುಃಖ ಕೇಳಾಂಗಿಲ್ಲ ಖರೇ. ಆದ್ರ ಎಣಿಕಿ ತಪ್ಪಾಂಗಿಲ್ರಿ. ಅಂವ ಹದಿನಾಲ್ಕು ಅಂದ್ರ ಹದಿನಾಲ್ಕ ಇರತಾವು. ಪೀಸ್ ಅಲ್ಲೇ ಐತಿ. ನಮ್ಮ ಕಣ್ಣಿಗೆ ಬಿದ್ದಿಲ್ಲ."

ಈ ಮಾತನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಉತ್ಸಾಹದಲ್ಲಿದ್ದವನಿಗೆ ಬುದ್ಧಿಮಾತು ಹಂಚಿನ ಮೇಲಿನ ಮಳೆಯಿದ್ದಂತೆ, ಬಿದ್ದದ್ದು ಬಿದ್ದಂತೆ ಜಾರಿಹೋಗುತ್ತದೆ. ಅಲ್ಲೇ ಕೂತು ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ: 'ಡಿಸೆಂಬರ್ ಹದಿನೇಳರ ಬೆಳಗಿನ ಪೂಜೆಗೆ ಸಕಲರೂ ತಪ್ಪದೆ ಬರಬೇಕು. ಶುಭಸಂದೇಶದಲ್ಲಿ ಇದುವರೆಗೆ ಯಾರ ಕಣ್ಣಿಗೂ ಬೀಳದ ಒಂದು ಸಂಗತಿಯನ್ನು ಬಯಲು ಮಾಡಲಾಗುವುದು. ಇನಾಸ್, ಬಿ.ಎ.' ಕ್ಷಣದಲ್ಲಿ ಮುಗಿದ ಕೈಗಳು ಸಾಲುಗಟ್ಟಿ ಬಂದವು. ಒಬ್ಬರು 'ಯಾರದಾರ ತಪ್ಪು ಹೇಳೂದಿಲ್ಲಲ್ಲಾ?' ಎಂದು ಕೇಳಿದರು. ಇನ್ನೊಬ್ಬರು 'ಪೂಜಿ ಆದ ಮ್ಯಾಲ ನಾಷ್ಟಾ ಐತೇನು?' ಎಂದು ಕೇಳಿದರು. ಖಾನಾಪುರಕ್ಕೆ ಫೋನು ಮಾಡಿ ಅವ್ವನಿಗೂ ಹೇಳಿದೆ. ಅವ್ವ ಅಲ್ಲಿ ನನ್ನ ಅಕ್ಕನ ಮನೆಯಲ್ಲಿರುತ್ತಾಳೆ. ಪ್ರತಿವರ್ಷ ಕರ್ಜಿಕಾಯಿ ಮಾಡಲು ಕ್ರಿಸ್‌ಮಸ್ಸಿನ ಹಿಂದಿನ ವಾರ ಬೆಳಗಾವಿಗೆ ಬರುವವಳು. ಈ ಸಲ ಹದಿನಾರಕ್ಕೇ ಬಾ ಎಂದೆ. "ನೀ ಮೈಕಿನ್ಯಾಗ ಮಾತಾಡ್ತಿ? ಬರ್ತೀನಿ ತಗೋ," ಎಂದಳು. ಅವ್ವನಿಗೆ ಅಕ್ಷರ ಬರುವುದಿಲ್ಲ. ನಾನು ಬಿ.ಎ. ಆದದ್ದನ್ನು ಆಕೆ ಗೋಡೆಯ ಮೇಲೆ ನೋಡಿದ್ದಾಳೆಯೇ ಹೊರತು ಕಿವಿಯಲ್ಲಿ ಕೇಳಿಲ್ಲ. ಕೇಳಿಸಬೇಕು. ಈ ಆಸೆ ನನಗೆ ಮೊದಲಿನಿಂದ ಇತ್ತು.

ಆಗಮನ ಕಾಲದ ಮೊದಲ ಭಾನುವಾರ, ಮೊದಲ ಮೇಣದ ಬತ್ತಿ ಹಚ್ಚಿ ಪೂಜೆ ಮುಗಿದ ಕೂಡಲೇ ಫಾದರನ್ನು ಬಾಗಿಲಲ್ಲಿ ಹಿಡಿದೆ. ಎಣಿಕೆ ಬರೆದು ಬಸವರಾಜನಿಂದ ಸಹಿ ಹಾಕಿಸಿದ್ದ ಚೀಟಿಯನ್ನೂ ತೋರಿಸಿದೆ. ಅವರು ಗಾಬರಿಯಾಗುತ್ತಾರೆ, ಬಿಷಪ್ಪರಿಗೆ ಬರೆಯುತ್ತಾರೆ, ಎಂದೆಲ್ಲ ಅಂದುಕೊಂಡಿದ್ದೆ. ಫಾದರ್ ಚೀಟಿ ನೋಡಿ ನಕ್ಕರು.

"ಇನಾಸ್, ಇದು ಬಹಳ ಹಳೆಯ ಶಾರ್ಟೇಜ್ ಮಾರಾಯರೇ. ಪಂಡಿತರು ಎಷ್ಟೋ ಶತಮಾನದಿಂದ ಎಣಿಸುತ್ತಲೇ ಇದ್ದಾರೆ."

"ಹಂಗಾರ ಯಾರೂ ಯಾಕ ಸರಿ ಮಾಡಿಲ್ಲ, ಫಾದರ್?"

"ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬನ ಹೆಸರನ್ನು ಎರಡೂ ಸಾಲಿಗೆ ಸೇರಿಸಿ ಎಣಿಸಬೇಕು ಅಂತಲೂ ಕೆಲವರು ಹೇಳುವುದುಂಟು."

ಒಂದೇ ಪೀಸನ್ನು ಎರಡು ಲಾಟಿನಲ್ಲಿ ಎಣಿಸುವುದೇ! ನಮ್ಮ ಫೌಂಡ್ರಿಯಲ್ಲಿ ಹಾಗೆ ಮಾಡಿದವನನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ನನ್ನ ಮುಖ ನೋಡಿ ಫಾದರ್ ಹೆಗಲ ಮೇಲೆ ಕೈಯಿಟ್ಟರು. "ನೀವು ಕಂಡದ್ದು ನಿಮಗೆ ಹೊಸದು. ಅದನ್ನೇ ಹೇಳಿ. ಆದರೆ ಬರೀ ಶಾರ್ಟೇಜ್ ರಿಪೋರ್ಟ್ ಓದಿ ಇಳಿದುಬಿಡಬೇಡಿ. ಆ ಒಂದು ಎಲ್ಲಿ ಹೋಯಿತು ಅಂತ ನೀವೇ ಹುಡುಕಿ ಬನ್ನಿ. ಜನ ಎಲ್ಲ ಬರುತ್ತಾರಲ್ಲ, ಗುಂಪಿನಲ್ಲಿ ನೋಡಿದೆ."

ಜನ ಎಲ್ಲ ಬರುತ್ತಾರೆ! ಅದೇ ಈಗ ತೊಂದರೆ. ಬಯಲು ಮಾಡುತ್ತೇನೆ ಎಂದು ಡಂಗುರ ಹೊಡೆದಾಗಿದೆ, ಬಯಲು ಮಾಡಲು ಕೈಯಲ್ಲಿ ಏನೂ ಇಲ್ಲ. ಮುಂದಿನ ಎರಡು ವಾರ ನಾನು ಪಟ್ಟ ಪಾಡು ಇಂಗ್ಲಿಷ್ ಪರೀಕ್ಷೆಯಲ್ಲೂ ಪಟ್ಟಿರಲಿಲ್ಲ. ಟಿಳಕವಾಡಿಯ ವಾಚನಾಲಯಕ್ಕೆ ಹೋಗಿ ಬಾಬಿಲೋನಿನ ಚರಿತ್ರೆ ಹುಡುಕಿದೆ. ಬಾಬಿಲೋನು ಸಿಕ್ಕಿತು, ಪೀಸು ಸಿಗಲಿಲ್ಲ. ದಿನಾ ಬೆಳಗಿನ ಪೂಜೆಗೆ ಹೋಗಿ ಉಳಿದವರ ಚಿಂತನೆ ಕೇಳಿ ಹೊಟ್ಟೆ ಉರಿಸಿಕೊಂಡೆ. ಮೊದಲ ವಾರದಲ್ಲೇ ಒಂದು ದಿನ, ಜಾಣರಿಗೂ ಓದಿದವರಿಗೂ ಮರೆಮಾಡಿದ್ದನ್ನು ಮಕ್ಕಳಂಥವರಿಗೆ ತೋರಿಸಿದೆಯಲ್ಲ ಎಂದು ಯೇಸು ತಂದೆಯನ್ನು ಕೊಂಡಾಡುವ ಭಾಗ ಬಂತು. ಅಂದು ಓದಿದವರು ನಮ್ಮ ಓಣಿಯಲ್ಲಿ ಇಡ್ಲಿ ಮಾರುವ ರೋಜಮ್ಮಬಾಯಿ. ಮೂರನೇ ಇಯತ್ತೆ ಕಲಿತವರು. "ಓದಿದಾವ್ರಿಗೆ ದೇವ್ರು ಸಿಗಾಂಗಿಲ್ಲ ಅಂತಲ್ಲ. ಓದಿದಾವ್ರು ಕೇಳಸ್ಕೊಳ್ಳಾಂಗಿಲ್ಲ, ಅಷ್ಟ," ಎಂದು ಒಂದೇ ಮಾತು ಹೇಳಿ, ನನ್ನ ಕಡೆ ನೋಡಿದಂತೆ ನನಗೆ ಅನಿಸಿ, ಕೆಳಗಿಳಿದರು. ಐದು ನಿಮಿಷ ಕೊಟ್ಟರೆ ಅರ್ಧ ನಿಮಿಷದಲ್ಲಿ ಮುಗಿಸಿದ ಆಕೆಯ ಮೇಲೆ ಆ ದಿನವೆಲ್ಲ ಸಿಟ್ಟಿತ್ತು. ಇಡ್ಲಿ ಕೂಡ ಬೇರೆ ಕಡೆ ತಿಂದೆ.

ಆದರೂ ಬರೆದೆ. ನಾಲ್ಕು ಪುಟ. 'ನನ್ನ ಅಜ್ಜ ಮಣ್ಣು ತುಳಿದ, ನನ್ನ ಅಪ್ಪ ಹಂಚು ಸುಟ್ಟ, ನಾನು ಪದವಿ ಪಡೆದೆ' ಎಂದು ಶುರುಮಾಡಿ, ನಡುವೆ ಬಾಬಿಲೋನು ತುಂಬಿ, ಕೊನೆಗೆ 'ಆ ಹದಿನಾಲ್ಕನೆಯವನು ಯಾರೆಂಬುದು ದೇವರಿಗೇ ಗೊತ್ತು' ಎಂದು ಮುಗಿಸಿದ್ದೆ. ನನ್ನ ಕೈಬರಹ ನನಗೇ ತಿಳಿಯುವುದಿಲ್ಲವಾದ್ದರಿಂದ ಫಿಲು ಕೂತು ದುಂಡಗೆ ನಕಲು ಮಾಡಿಕೊಟ್ಟಳು. ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತ ನನ್ನ ಮುಖ ನೋಡಿದಳು. ಏನೋ ಹೇಳುವವಳಂತೆ ಇದ್ದಳು. ನಾನು ಬಾಬಿಲೋನಿನಲ್ಲಿದ್ದೆ.

ಹದಿನಾರರ ಬೆಳಿಗ್ಗೆ ಅವ್ವ ರೈಲಿಳಿದಳು. ಒಂದು ಕೈಯಲ್ಲಿ ಕೊಬ್ಬರಿ ಬಟ್ಟಲಿನ ಚೀಲ, ಇನ್ನೊಂದರಲ್ಲಿ ತನ್ನದೇ ಲಟ್ಟಣಿಗೆ. ನಮ್ಮ ಮನೆಯ ಲಟ್ಟಣಿಗೆ ಆಕೆಗೆ ಆಗಿಬರುವುದಿಲ್ಲ. ಸಂಜೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಹೂರಣ ತುಂಬಿ ಕರ್ಜಿಕಾಯಿ ಅಂಚು ಒತ್ತುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನಾಳೆಯ ಓದಿನ ತಾಲೀಮು ಶುರುಮಾಡಿದೆ. ಮೊದಲು ಶುಭಸಂದೇಶದ ಹೆಸರುಗಳು. ಹತ್ತು ಹೆಸರಾಗುವಷ್ಟರಲ್ಲಿ ಅವ್ವ ತಲೆಯೆತ್ತಿದಳು.

"ಏನೋ ಅದು, ಹಾಜರಿ ಕರಿಯಾಕತ್ತೀಯೇನು?"

"ಹಾಜರಿ ಅಲ್ಲವ್ವ, ಯೇಸುಸ್ವಾಮಿ ವಂಶಾವಳಿ. ಕಡೀ ಸಾಲಿನ್ಯಾಗ ಒಂದು ಹೆಸರು ಕಡಿಮಿ ಬೀಳಾಕತ್ತೈತಿ. ಯಾರಿಗೂ ಸಿಕ್ಕಿಲ್ಲ."

"ಓದು ನೋಡೂಣು ಕಡೀದು."

ಓದಿದೆ. ಯಕೋಬನ ಮಗ ಜೋಸೆಫ, ಈತ ಮರಿಯಳ ಗಂಡ, ಈಕೆಯಿಂದ ಯೇಸು ಹುಟ್ಟಿದರು.

"ನಿಲ್ಲು. ಇದ್ರಾಗ ನೀ ಎಣಿಸಿದ್ದು ಯಾರ್‍ಯಾರನ್ನ?"

"ಯಕೋಬ, ಜೋಸೆಫ, ಯೇಸು. ಮೂರು."

"ಮರಿಯವ್ವನ್ನ?"

"ಆಕೀ ಹೆಸರು ಗಂಡನ ಬಾಜೂಕ ಬಂದೈತಿ ಅವ್ವ, ಅದು ಲೆಕ್ಕಕ್ಕ..."

"ಜೋಸೆಫಪ್ಪ ಹಡದಾನೇನೋ?"

ಫಿಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಇಲ್ಲ ಎಂದೆ.

"ಹಡದಾಕೀನ್ನ ಬಿಟ್ಟು ಎಣಿಸಿದ್ರ ಕಡಿಮಿ ಬೀಳದ ಏನಾಗತೈತಿ? ಬಿ.ಎ. ಕಲತಾನಂತ ಬಿ.ಎ.!" ಅವ್ವ ಕೈಯ ಹಿಟ್ಟು ಕೊಡವಿದಳು. "ನಮ್ಮ ಭಟ್ಟ್ಯಾಗೂ ಹಿಂಗ ಇತ್ತು ನೋಡು. ಜೋಡಿ ಲೆಕ್ಕ. ಗಂಡಾ ಹೆಂಡ್ತಿ ಕೂಡಿ ಒಂದು ಜೋಡಿ, ಹಾಜರಿ ಪುಸ್ತಕದಾಗ ಗಂಡನ ಹೆಸರು ಒಂದ. ನಿಮ್ಮಪ್ಪ ಸುಡಾಂವ, ಹಸೀ ಹಂಚು ಹೊತ್ತು ಭಟ್ಟೀಗೆ ಕೊಡಾಕಿ ನಾನು. ನೀ ಹೊಟ್ಟ್ಯಾಗಿದ್ದಾಗೂ ಹೊತ್ತೇನಿ. ಮುಂಜಾನೆ ಹಾಜರಿ ಕರದ್ರ ನಿಮ್ಮಪ್ಪನ ಹೆಸರಿಗೆ ಇಬ್ರೂ ಕೂಡಿ 'ಹೂಂ' ಅಂತಿದ್ವಿ. ಒಂದಿನ ನಿಮ್ಮಪ್ಪ ಜ್ವರ ಬಂದು ಮಲಗಿದ, ನಾ ಒಬ್ಬಾಕೀನ ಹೋಗಿ 'ಹೂಂ' ಅಂದೆ. ಗುಮಾಸ್ತ ತಲಿ ಎತ್ತಿ ನೋಡಿ, ನೀ ಯಾರ ಅಂದ! ಹನ್ನೆರಡು ವರ್ಷ ಅವನ ಮುಂದ ಹಂಚು ಹೊತ್ತಿದ್ದೆ ನಾ."

ಹೇಳಿ ತಾನೇ ನಕ್ಕಳು. ಫಿಲು ನಗಲಿಲ್ಲ. ನಾನು ಬೈಬಲ್ಲು ಎತ್ತಿಕೊಂಡು ಮರಿಯಮ್ಮನನ್ನು ಸೇರಿಸಿ ಎಣಿಸಿದೆ. ಹದಿನಾಲ್ಕು! ಇನ್ನೊಮ್ಮೆ ಎಣಿಸಿದೆ. ಹದಿನಾಲ್ಕು! ಬಸವರಾಜ ಹೇಳಿದ್ದು ಖರೇ, ಪೀಸು ಅಲ್ಲೇ ಇತ್ತು. ಆದರೂ ಚೆಕ್ಕರಿನ ಬುದ್ಧಿ ಬಿಡಲಿಲ್ಲ. "ಅವ್ವ, ಹಂಗಂದ್ರ ಮ್ಯಾಲಿನ ಸಾಲಿನ್ಯಾಗ ತಾಮಾರ, ರಹಾಬ, ರೂತ್, ಹೆಸರಿಲ್ಲದ ಮತ್ತೊಬ್ಬಾಕಿ ಅಂತ ಇನ್ನೂ ನಾಕ ಮಂದಿ ಹೆಂಗಸರು ಬರ್ತಾರ. ಅವ್ರನ್ನೂ ಹಿಡದ್ರ ಲಾಟ್ ಹೆಚ್ಚಾಗತೈತಿ," ಎಂದೆ.

"ಅವ್ರ ಬಾಜೂಕ ಹುಟ್ಟಿಸಿದ ಗಂಡಸ್ರು ಅದಾರಲ್ಲ, ನಿಮ್ಮ ಮತ್ತಾಯಪ್ಪ ಜೋಡೀಗೆ ಒಂದು ಹಿಡದಾನ. ಇಲ್ಲಿ ಹುಟ್ಟಿಸಿದ ಗಂಡಸ ಇಲ್ಲ, ಈಕೀನ್ನ ಬಿಟ್ರ ಯಾರನ್ನ ಹಿಡೀತಿ? ನನ್ನ ಕೇಳಿದ್ರ ಅವ್ರನ್ನೂ ಎಣಸು. ಹೆಚ್ಚಾದ್ರ ಯಾರ ಮನಿ ಮುಳಗತೈತಿ?"

ಇದು ಪಂಡಿತರಿಗೆ ಒಪ್ಪಿಗೆಯಾಗುತ್ತದೋ ಇಲ್ಲವೋ ಕಾಣೆ. ನಾನಂತೂ ಕುಣಿದಾಡಿಬಿಟ್ಟೆ. ನಾಲ್ಕು ಪುಟ ಹರಿದು ಹಾಕಿದೆ, ಬಾಬಿಲೋನು ಒಲೆಯ ಪಾಲಾಯಿತು. ಅಲ್ಲೇ ಹಿಟ್ಟಿನ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು ಹೊಸದಾಗಿ ಹೇಳುತ್ತ ಹೋದೆ, ಫಿಲು ಹೂರಣದ ಕೈ ತೊಳೆದು ಬಂದು ಬರೆದುಕೊಂಡಳು.

ಹದಿನೇಳರ ಬೆಳಿಗ್ಗೆ ಚರ್ಚಿನಲ್ಲಿ ಭಾನುವಾರದಷ್ಟು ಜನ. ಎಣಿಸಲಿಲ್ಲ, ಕೈಯಲ್ಲಿದ್ದ ಕಾಗದದ ಮೇಲೇ ಕಣ್ಣಿತ್ತು. ಫಿಲು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೈಕಿನ ಮುಂದೆ ನಿಂತೆ. "ಪ್ರಿಯ ಸಹೋದರ ಸಹೋದರಿಯರೇ, ಈ ಲಾಟಿನಲ್ಲಿ ಒಂದು ಪೀಸು ಕಡಿಮೆ ಇದೆ," ಎಂದೆ. ಉದ್ಯಮಬಾಗಕ್ಕೆ ದುಡಿಯಲು ಹೋಗುವವರೆಲ್ಲ ಗೊಳ್ಳೆಂದು ನಕ್ಕರು. ಮೊದಲನೇ ಸಾಲಿನಿಂದ ಅವ್ವ, "ಜೋರಾಗಿ ಓದೋ ಇನಾಸಾ, ಹಿಂದಿನಾವ್ರಿಗೆ ಕೇಳಸವಲ್ದು," ಎಂದಳು. ಜೋರಾಗಿ ಓದಿದೆ. ಮೂರು ಲಾಟು ಹೇಳಿದೆ, ಬಸವರಾಜನ ಖಡು ಹೇಳಿದೆ, ಹಂಚಿನ ಭಟ್ಟಿಯ ಹಾಜರಿ ಪುಸ್ತಕ ಹೇಳಿದೆ. ಯಾರ ಹೆಸರನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲವೋ ಆಕೆಯ ಮೂಲಕವೇ ಬರುವವನು ಬಂದನು, ಅದಕ್ಕೇ ಆಗಮನ ಕಾಲದಲ್ಲಿ ಕಾಯುವುದೆಂದರೆ ಆಕಾಶ ನೋಡುತ್ತ ಕೂರುವುದಲ್ಲ, ಮನೆಯಲ್ಲಿ ಎಣಿಸದೆ ಬಿಟ್ಟವರು ಯಾರಿದ್ದಾರೆಂದು ತಿರುಗಿ ನೋಡುವುದು, ಎಂದೆ. ಕೊನೆಗೆ, "ನನ್ನ ಅಜ್ಜ ಮಣ್ಣು ತುಳಿದ, ನನ್ನ ಅಪ್ಪ ಹಂಚು ಸುಟ್ಟ, ನಾನು ಪದವಿ ಪಡೆದೆ ಎಂದು ಇಷ್ಟು ವರ್ಷ ಹೇಳುತ್ತ ಬಂದೆ. ನನ್ನ ಲೆಕ್ಕದಲ್ಲೂ ಒಂದು ಕಡಿಮೆ ಇತ್ತು. ಆ ಹಂಚನ್ನು ಹೊತ್ತವಳು ನನ್ನ ಅವ್ವ, ಸಾಂತಮ್ಮ," ಎಂದು ಹೆಸರು ಹಿಡಿದು ಹೇಳಿದೆ. ಅವ್ವ ಎದ್ದು ನಿಂತಳು. ಕೈ ಮುಗಿಯಲಿಲ್ಲ, ಕಣ್ಣು ಒರೆಸಿಕೊಳ್ಳಲಿಲ್ಲ. ಹಾಜರಿ ಕರೆದವರಿಗೆ ಉತ್ತರ ಕೊಡುವಂತೆ ಗಟ್ಟಿಯಾಗಿ "ಹೂಂ," ಎಂದು ಕೂತಳು.

ಹೊರಗೆ ಬಂದಾಗ ಎಲ್ಲರೂ ಕೈ ಕುಲುಕಿದರು. ಫಾದರ್ ಅಪ್ಪಿಕೊಂಡರು. ರೋಜಮ್ಮಬಾಯಿ, "ಕೇಳಸ್ಕೊಂಡಿ ನೋಡಪಾ," ಎಂದರು. ಮನೆಗೆ ಬರುವವರೆಗೂ ನಾನು ನೆಲದ ಮೇಲೆ ನಡೆಯಲಿಲ್ಲ. ಪದವಿ ಪತ್ರದ ಎದುರಿನ ಕುರ್ಚಿಯಲ್ಲಿ ಕೂತು, ಚಹಾ ತಂದ ಫಿಲುವನ್ನು ಕೇಳಿದೆ, "ಹೆಂಗಿತ್ತು?"

"ಛಲೋ ಇತ್ರಿ."

ಅಷ್ಟೇ. ಇನ್ನೂ ಬರುತ್ತದೆಂದು ಕಾದೆ, ಬರಲಿಲ್ಲ. ಅವ್ವ ಬಸಿಯಲ್ಲಿ ಚಹಾ ಆರಿಸುತ್ತ ಸೊಸೆಯನ್ನು ಕೇಳಿದಳು, "ನೀ ಎರಡ ಸಲ ಕೈಯಾರೆ ಬರದೀದಿ. ನಿನಗರ ಹೊಳೀಲಿಲ್ಲೇನ ಫಿಲೂ, ಮರಿಯವ್ವನ್ನ ಬಿಟ್ಟಾನ ಅಂತ?"

"ಚೀಟಿ ಬಂದ ದಿನಾನ ಹೊಳದಿತ್ರಿ ಅತ್ತಿ. ಕಡೀ ಸಾಲಿನ್ಯಾಗ ನೋಡ್ರಿ ಅಂತ ಅಂದಿದ್ದೆ. ಎಣಿಸುವಾಗ ಮಾತಾಡಬ್ಯಾಡ, ಲೆಕ್ಕ ತಪ್ಪತೈತಿ ಅಂದ್ರು."

ಅವ್ವ ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಪದವಿ ಪತ್ರ ನೋಡಿದಳು. "ಇನಾಸಾ, ಆ ಇಂಗ್ಲಿಷ್‌ನ್ಯಾಗ ನೀ ಪಾಸಾದದ್ದು ಮದುವಿ ಆದ ಮ್ಯಾಲ, ಹೌದಲ್ಲೋ?"

ಚಹಾ ಬಹಳ ಬಿಸಿಯಿತ್ತು. ಆದರೂ ಒಂದೇ ಗುಟುಕಿಗೆ ಕುಡಿದು ಕೆಲಸಕ್ಕೆ ಹೊರಟೆ.

ಫೌಂಡ್ರಿಯ ಬಾಗಿಲಲ್ಲೇ ಬಸವರಾಜ ಕಾಯುತ್ತಿದ್ದ. "ಏನ್ರೀ ಸಾಹೇಬ್ರ, ಪೀಸ್ ಸಿಕ್ತೇನು?"

"ಸಿಕ್ತಪಾ. ನೀ ಅಂದಂಗ ಅಲ್ಲೇ ಇತ್ತು. ನಮ್ಮವ್ವ ಹುಡುಕಿ ಕೊಟ್ಲು." ಉಳಿದದ್ದನ್ನೂ ಹೇಳಿದೆ, "ಮನೀಗೆ ಹೋಗಿ ನೋಡಿದ್ರ ಇನ್ನೊಂದು ಲಾಟಿನ್ಯಾಗೂ ಒಂದು ಕಡಿಮಿ ಬಿದ್ದೈತಿ. ಅದು ಅಡಗೀಮನ್ಯಾಗ ಇತ್ತು."

ಬಸವರಾಜ ತಲೆ ತುರಿಸಿಕೊಂಡ. "ಅಲ್ಲೂ ಒಂದು ಕಡಿಮಿ, ಇಲ್ಲೂ ಒಂದು ಕಡಿಮಿ ಅಂದ್ರ ಪೀಸಿನ ತಪ್ಪಲ್ರಿ ಅದು. ಹಿಂಗ ತಿರುಗ್ರಿ," ಎಂದು, ನಾನು ತಿರುಗುವಷ್ಟರಲ್ಲಿ ಕಿಸೆಯಿಂದ ಖಡು ತೆಗೆದು, ಫಿಲು ಇಸ್ತ್ರಿ ಮಾಡಿದ ಅಂಗಿಯ ಬೆನ್ನ ಮೇಲೆ ಅಡ್ಡಡ್ಡ ಎರಡು ಗೆರೆ ಎಳೆದೇಬಿಟ್ಟ. ಬಿರುಕು ಬಿಟ್ಟ ಪೀಸಿಗೆ ನಾವು ಹಾಕುವ ಗುರುತು. ಬಿಳಿ ಅಂಗಿಯ ಮೇಲೆ ಬಿಳಿ ಖಡು, ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಆದರೂ ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಸಂಜೆಯವರೆಗೂ ಒರೆಸಲಿಲ್ಲ. ಅಂಥ ಪೀಸನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ, ಕುಲುಮೆಗೆ ಹಾಕಿ ಕರಗಿಸಿ ಮತ್ತೆ ಎರಕ ಹೊಯ್ಯುತ್ತೇವೆ. ಕ್ರಿಸ್‌ಮಸ್ಸಿಗೆ ಇನ್ನೂ ಎಂಟು ದಿನ ಇತ್ತು.